ವಿರೂಪಾಕ್ಷಪ್ಪಜ್ಜನ ಕತ್ತರಿ

ಹುಬ್ಬಳ್ಳಿ, ಫೆಬ್ರವರಿ 30, 2171. ಮಧ್ಯಾಹ್ನ ನಾಲ್ಕು ಗಂಟೆ. ಓದುಮನೆಯ ಹಿಂದಿನ ಕೋಣೆ. ತಂಗಿಗೆ ಜ್ವರ ಬಂದು ಇದು ನಾಲ್ಕನೆಯ ದಿನ.

ವಿರೂಪಾಕ್ಷಪ್ಪಜ್ಜನವರಿಗೆ ಸಂಗವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಬರೆದವಳ ತಲೆ ಸರಿಯಿಲ್ಲ ಎಂದುಕೊಳ್ಳಬೇಡಿ. ತಿಂಗಳುಗಳನ್ನು ಸರಿಸಮ ಮಾಡಿ ಎಂಬತ್ತು ವರ್ಷವಾಯಿತು. ಫೆಬ್ರವರಿಗೂ ಈಗ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಲದ ಭಾಷೆಯನ್ನು ನಾನು ಓದಿ ಕಲಿತವಳೇ ಹೊರತು ಕೇಳಿ ಕಲಿತವಳಲ್ಲ. ನೀವು ನನ್ನ ಅಜ್ಜಿಯ ಅಜ್ಜಿಯ ತಂದೆ. ಹುಬ್ಬಳ್ಳಿಯಲ್ಲಿ ನಿಮ್ಮದೊಂದು ಔಷಧಿ ಅಂಗಡಿ ಇತ್ತು. ಅಷ್ಟು ಪರಿಚಯ ಸಾಕು. ನಾನು ನಿಮ್ಮನ್ನು ಗೌರವದಿಂದಲೇ ಮಾತಾಡಿಸುತ್ತೇನೆ, ಆದರೆ ಸಿಟ್ಟನ್ನು ಮುಚ್ಚಿಡಲು ಇವತ್ತು ನನ್ನಿಂದ ಆಗುವುದಿಲ್ಲ.

ನಾನು ಓದುಗಾರ್ತಿ. ಅಂದರೆ ಮಾತ್ರೆ ಕೊಡುವ ಮುಂಚೆ, ಅದರ ಜೊತೆ ಬರುವ ಎಚ್ಚರಿಕೆಯ ಕಾಗದವನ್ನು ರೋಗಿಯ ಎದುರು ಕೂತು, ರೋಗಿಯ ಭಾಷೆಯಲ್ಲಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವ ಕೆಲಸ. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಫೆಬ್ರವರಿಯ ಕೊನೆಯ ದಿನ ಪ್ರತಿಯೊಬ್ಬ ಓದುಗಾರರೂ ಹಿಂದಿನವರಿಗೆ ಒಂದು ಪತ್ರ ಬರೆದು ಕಪಾಟಿನಲ್ಲಿಡಬೇಕೆಂದು ನಿಯಮವಿದೆ. ಇದಕ್ಕೆ ಹಿಂದೋಲೆ ಎನ್ನುತ್ತಾರೆ. ಯಾರೂ ಅದನ್ನು ತೆರೆದು ಓದುವುದಿಲ್ಲ. ಪ್ರತಿ ವರ್ಷ ನಾನು ನಾಲ್ಕು ಸಾಲು ಗೀಚಿ, ರುಜು ಹಾಕಿ ಎದ್ದು ಹೋಗುತ್ತಿದ್ದೆ. ಈ ವರ್ಷ ಹಾಗೆ ಎದ್ದು ಹೋಗಲು ಆಗಲಿಲ್ಲ.

ನಮ್ಮ ದಿನಗಳು ಹೇಗಿವೆ ಎಂದು ಮೊದಲು ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಇಲ್ಲಿ ಜನ ಎದುರಾದಾಗ ಎರಡೂ ಅಂಗೈ ಬಿಚ್ಚಿ ತೋರಿಸುತ್ತಾರೆ, ಆಮೇಲೆ ಮಾತು. ನೋಡಿ, ಗಾಯವಿಲ್ಲ, ಎಂದು ಅರ್ಥ. ಈಗ ಅದೇ ನಮಸ್ಕಾರವಾಗಿಬಿಟ್ಟಿದೆ. ಪ್ರತಿ ಓಣಿಯ ತುದಿಯಲ್ಲಿ ಗಾಯಕಟ್ಟೆ ಇದೆ: ಒಂದು ನಲ್ಲಿ, ಒಂದು ಕಲ್ಲಿನ ಬೆಂಚು, ಉಪ್ಪುನೀರು, ಬಟ್ಟೆ. ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡವರು ಮೊದಲು ಅಲ್ಲಿಗೆ ಹೋಗಿ ತೊಳೆಸಿ ಕಟ್ಟಿಸಿಕೊಂಡು ಬರಬೇಕು; ಗಾಯ ಮುಚ್ಚುವ ತನಕ ಕೆಲಸಕ್ಕೆ ರಜೆ. ಮುಳ್ಳಿನ ಗಿಡ ಬೆಳೆಸಲು ಪರವಾನಗಿ ಬೇಕು. ಹೆರಿಗೆಯ ಮನೆಗೆ ಹನ್ನೆರಡು ದಿನ ಸ್ವಂತ ಅಣ್ಣತಮ್ಮಂದಿರಿಗೂ ಪ್ರವೇಶವಿಲ್ಲ. ಹಲ್ಲುನೋವು ಎಂದು ಯಾರಾದರೂ ಹೇಳಿದರೆ ಮನೆಯವರ ಮುಖ ಬಿಳಿಚುತ್ತದೆ. ಇದೆಲ್ಲ ಏಕೆಂದರೆ, ಸೋಂಕು ತಗುಲಿದರೆ ಕೆಲಸ ಮಾಡುವ ಮದ್ದು ಬಹಳ ಕಡಿಮೆ ಉಳಿದಿದೆ. ಇದ್ದವನ್ನೆಲ್ಲ ನೀವು ನೆಗಡಿಗೂ ಕೆಮ್ಮಿಗೂ ಮದುವೆಯೂಟದ ಭೇದಿಗೂ ಖರ್ಚು ಮಾಡಿ ಮುಗಿಸಿದಿರಿ.

ಉಳಿದ ಕೆಲವು ಮದ್ದುಗಳಲ್ಲಿ ಒಂದು ಕುಟುಂಬಕ್ಕೆ ನೀವು ಫ್ಲೋರೋಕ್ವಿನೊಲೋನ್ ಎನ್ನುತ್ತಿದ್ದಿರಿ. ಊರಲ್ಲಿ ಯಾರಿಗೂ ಆ ಹೆಸರು ನಾಲಿಗೆಗೆ ಹೊರಳುವುದಿಲ್ಲ. ಹಿಮ್ಮಡಿ ಮಾತ್ರೆ ಎನ್ನುತ್ತಾರೆ. ಮೂವತ್ತು ವರ್ಷ ಅದನ್ನು ಮುಟ್ಟದೆ ಬೀಗ ಹಾಕಿಟ್ಟಿದ್ದರಿಂದ ಕೆಲವು ಸೋಂಕುಗಳ ಮೇಲೆ ಅದಕ್ಕೆ ಮತ್ತೆ ಶಕ್ತಿ ಬಂದಿದೆ. ಜೀವ ಉಳಿಸುತ್ತದೆ, ಸುಳ್ಳು ಹೇಳಬಾರದು. ಆದರೆ ಕೆಲವರಲ್ಲಿ ಅದು ಹಿಮ್ಮಡಿಯ ಮೇಲಿನ ದಪ್ಪ ನರವನ್ನು, ಕಾಲನ್ನು ಎತ್ತಿ ಹಿಡಿಯುವ ಆ ಹುರಿಯನ್ನು, ಒಳಗೊಳಗೇ ಸಡಿಲ ಮಾಡುತ್ತದೆ. ಮಾತ್ರೆ ನುಂಗಿದ ಎರಡನೆಯ ದಿನ ಹರಿಯಬಹುದು, ಮಾತ್ರೆ ಮುಗಿದು ಮೂರು ತಿಂಗಳಾದ ಮೇಲೂ ಹರಿಯಬಹುದು. ಕೆಲವರಿಗೆ ಅಂಗಾಲು ಉರಿಯಲು ಶುರುವಾಗಿ ಆ ಉರಿ ಮತ್ತೆ ಹೋಗುವುದೇ ಇಲ್ಲ. ಕೆಲವರಿಗೆ ನಿದ್ದೆ ಹೋಗುತ್ತದೆ, ಇಲ್ಲದ್ದು ಕಾಣಿಸುತ್ತದೆ, ಸಾಯುವ ಯೋಚನೆ ಬರುತ್ತದೆ. ಎದೆಬಡಿತ ತಪ್ಪಬಹುದು, ಸಕ್ಕರೆ ದಿಢೀರನೆ ಇಳಿಯಬಹುದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಸೀಳಬಹುದು. ಎಲ್ಲರಿಗೂ ಅಲ್ಲ. ಬಹಳ ಜನಕ್ಕೆ ಏನೂ ಆಗುವುದಿಲ್ಲ. ಯಾರಿಗೆ ಆಗುತ್ತದೆ ಎಂದು ಮುಂಚೆ ತಿಳಿಯುವ ದಾರಿ ನಮಗೂ ಪೂರ್ತಿ ಸಿಕ್ಕಿಲ್ಲ.

ಇದರಲ್ಲಿ ಒಂದು ಮಾತೂ ನಾವು ಕಂಡುಹಿಡಿದದ್ದಲ್ಲ, ಅಜ್ಜ. ನನ್ನ ಸಿಟ್ಟು ಇರುವುದೇ ಅಲ್ಲಿ. ಇದೆಲ್ಲ ನಿಮ್ಮ ಕಾಲದಲ್ಲೇ ಗೊತ್ತಿತ್ತು. ಅಚ್ಚಾಗಿತ್ತು. ನಿಮ್ಮ ಅಂಗಡಿಯಲ್ಲೇ ಇತ್ತು.

ನಿಮ್ಮ ತಗಡಿನ ಪೆಟ್ಟಿಗೆ ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬಂತು. ಅದರಲ್ಲಿ ನಿಮ್ಮ ಫೋಟೋ, ನೀವು ಬಳಸುತ್ತಿದ್ದ ಉದ್ದ ಮೂತಿಯ ಕತ್ತರಿ, ಮತ್ತು ರಬ್ಬರ್ ಬ್ಯಾಂಡ್ ಹಾಕಿದ ಎಚ್ಚರಿಕೆ ಕಾಗದಗಳ ಕಟ್ಟುಗಳು ಇದ್ದವು. ಹತ್ತು ಸ್ಟ್ರಿಪ್‌ಗಳ ಡಬ್ಬಿಗೆ ಒಂದು ಕಾಗದ ಬರುತ್ತಿತ್ತು. ಡಬ್ಬಿ ಒಡೆದಾಗ ನೀವು ಅದನ್ನು ತೆಗೆದು ಒಂದು ಕಡೆ ಇಡುತ್ತಿದ್ದಿರಿ, ಎಸೆಯಲಿಲ್ಲ. ಒಳ್ಳೆಯ ತೆಳು ಕಾಗದ, ಯಾವುದಕ್ಕಾದರೂ ಆದೀತು ಎಂದುಕೊಂಡಿರಬೇಕು. ಎಂಟು ಮಡಿಕೆ, ಸಾಸಿವೆಯಂಥ ಇಂಗ್ಲಿಷ್ ಅಕ್ಷರ. ಹುಬ್ಬಳ್ಳಿಯ ಓದುಮನೆ ಶುರುವಾದದ್ದು ನಿಮ್ಮ ಆ ಕಟ್ಟುಗಳಿಂದಲೇ. ಬೇರೆ ಊರಿನವರೂ ಬಂದು ನಕಲು ಮಾಡಿಕೊಂಡು ಹೋದರು. ಅಷ್ಟು ಚೆನ್ನಾಗಿ ಉಳಿದ ಕಾಗದ ಎಲ್ಲೂ ಸಿಕ್ಕಿಲ್ಲ ಎಂದರು. ಹೇಗೆ ಉಳಿಯಿತು ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಯಾರೂ ಬಿಚ್ಚಿರಲಿಲ್ಲ, ಅದಕ್ಕೇ ಉಳಿದಿತ್ತು. ಕಾರ್ಖಾನೆಯ ಯಂತ್ರ ಹಾಕಿದ ಮಡಿಕೆಯನ್ನು ಮೊದಲ ಸಲ ಬಿಡಿಸಿದವಳು ನಾನು.

ಪೆಟ್ಟಿಗೆಯ ಜೊತೆ ನಿಮ್ಮ ಮಗಳು ಹೊಸ ಫೋನಿನಲ್ಲಿ ತೆಗೆದ ಒಂದು ಚಿಕ್ಕ ವಿಡಿಯೋವೂ ಬಂದಿದೆ. ನಲವತ್ತೇಳು ಸೆಕೆಂಡು. ನೀವು ಕೌಂಟರಿನ ಹಿಂದೆ ನಿಂತಿದ್ದೀರಿ. ಜರದ ರುಮಾಲಿನವರೊಬ್ಬರು ಬಂದಿದ್ದಾರೆ. ನೂರಾರು ಸಲ ನೋಡಿದ್ದೇನೆ, ಮಾತು ಬಾಯಿಪಾಠವಾಗಿದೆ. ಮೊದಲ ಮಾತು ನಿಮ್ಮದು.

“ಐದ ದಿನದ್ದು ಬರದಾರ ನೋಡ್ರಿ ಡಾಕ್ಟ್ರು.”

“ಎರಡ ದಿನದ್ದ ಕೊಡ್ರಿ ಸಾಕು. ಆರಾಮ ಆದ್ರ ಮತ್ತ ಯಾಕ ನುಂಗೂದು?”

“ಹಂಗಾರ ನಾಕ ಕೊಡ್ತೀನಿ.”

“ಏನೂ ಆಗಂಗಿಲ್ಲಲ್ಲ?”

“ಏನ ಆಗತೈತ್ರಿ? ಏನೂ ಆಗಂಗಿಲ್ಲ. ಹಾಲಿನ ಕೂಡ ತಗೋರಿ, ಹೊಟ್ಟಿ ಉರಿಯಂಗಿಲ್ಲ.”

ಆಮೇಲೆ ಕತ್ತರಿಯ ಸದ್ದು. ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಕತ್ತರಿಸಿ, ಚಿಕ್ಕ ಕಾಗದದ ಚೀಲಕ್ಕೆ ಹಾಕಿ, ಅದರ ಮೇಲೆ ಪೆನ್ನಿನಿಂದ ಎರಡು ಗೀಟು ಎಳೆದು ಕೊಟ್ಟಿದ್ದೀರಿ: ಬೆಳಿಗ್ಗೆ ಒಂದು, ರಾತ್ರಿ ಒಂದು. ಮಾತ್ರೆಯ ಹೆಸರು, ತಯಾರಾದ ತಾರೀಖು, ಕೆಡುವ ತಾರೀಖು ಎಲ್ಲ ನಿಮ್ಮ ಕೈಯಲ್ಲುಳಿದ ತುಂಡಿನಲ್ಲಿ. ಆ ಚಿತ್ರದಲ್ಲಿ ಸ್ಟ್ರಿಪ್‌ನ ಬಣ್ಣ, ಅಕ್ಷರ ಎರಡೂ ಸ್ಪಷ್ಟವಾಗಿವೆ. ಅದು ಹಿಮ್ಮಡಿ ಮಾತ್ರೆಯೇ. ಅದನ್ನು ಹಾಲಿನ ಜೊತೆ ತೆಗೆದುಕೊಳ್ಳಬಾರದು, ಹಾಲು ಮದ್ದನ್ನು ಹಿಡಿದಿಟ್ಟು ಮೈಗೆ ಸೇರದಂತೆ ಮಾಡುತ್ತದೆ ಎಂದು ನಿಮ್ಮ ಬೆನ್ನ ಹಿಂದಿನ ಕಪಾಟಿನಲ್ಲಿದ್ದ ಕಾಗದದ ಮೂವತ್ತೊಂದನೆಯ ಸಾಲಿನಲ್ಲಿ ಇತ್ತು. ನೀವು ಪ್ರೀತಿಯಿಂದಲೇ ಹೇಳಿದಿರಿ. ಅದು ಮುಖದಲ್ಲಿ ಕಾಣುತ್ತದೆ. ಅದಕ್ಕೇ ಇನ್ನೂ ಮೈ ಉರಿಯುತ್ತದೆ. ಐದು ದಿನದ ಮದ್ದನ್ನು ಎರಡು ದಿನಕ್ಕಿಳಿಸಿ, ಆ ಎರಡನ್ನೂ ಹಾಲಿನಲ್ಲಿ ಕೆಡಿಸಿ, ಅರ್ಧಂಬರ್ಧ ಸತ್ತ ಸೋಂಕನ್ನು ಮನೆಗೆ ಕಳಿಸಿದಿರಿ. ಹಿಮ್ಮಡಿಯ ಬಗ್ಗೆ ಒಂದು ಮಾತಿಲ್ಲ. ಆ ರುಮಾಲಿನವರು ಆರು ವಾರದ ಮೇಲೆ ಬಸ್ಸಿಗೆಂದು ಓಡಿ, ಕಾಲ ಹಿಂದೆ ಯಾರೋ ಕಲ್ಲು ಹೊಡೆದ ಹಾಗಾಗಿ ಕೂತುಬಿಟ್ಟಿದ್ದರೆ, ಅದಕ್ಕೂ ಈ ಗೀಟು ಎಳೆದ ಚೀಲಕ್ಕೂ ಸಂಬಂಧವಿದೆ ಎಂದು ಅವರಿಗೆ ಹೇಗೆ ಹೊಳೆಯಬೇಕಿತ್ತು? ಮಾತ್ರೆಯ ಹೆಸರೇ ಅವರ ಬಳಿ ಇರಲಿಲ್ಲ.

ನಿಮ್ಮೊಬ್ಬರನ್ನೇ ಅಂದು ಪ್ರಯೋಜನವಿಲ್ಲ. ನಿಮ್ಮ ಕಾಲದ ಕಾದಂಬರಿಗಳನ್ನು, ಎಲ್ಲೆಲ್ಲಿಯದೋ ಭಾಷೆಗಳಿಂದ ಕನ್ನಡಕ್ಕೆ ಬಂದವನ್ನು, ನಾನು ಬಹಳ ಓದಿದ್ದೇನೆ. ಅವುಗಳಲ್ಲಿ ಜನ ಕಿಟಕಿಯ ಬಳಿ ನಿಂತು ‘ಒಂದು ಮಾತ್ರೆ ನುಂಗಿ’ ಮಳೆ ನೋಡುತ್ತಾರೆ. ಯಾವ ಮಾತ್ರೆ? ಎಷ್ಟು ದಿನ? ಮಳೆ ಎಂಥದ್ದು ಎಂದು ಮುಕ್ಕಾಲು ಪುಟ ಬರೆದವರಿಗೆ ಮಾತ್ರೆಯ ಹೆಸರು ಬರೆಯಲು ಏನು ಕಷ್ಟವಿತ್ತು? ಲೇಖಕರೂ ಬಿಟ್ಟರು, ಅನುವಾದಕರೂ ಬಿಟ್ಟರು, ಓದಿದವರಿಗೂ ಏನೂ ಕೊರತೆ ಅನ್ನಿಸಲಿಲ್ಲ.

ಇದಕ್ಕೆಲ್ಲ ಉತ್ತರವಾಗಿ ನಮ್ಮವರು ಓದುವ ಪದ್ಧತಿ ತಂದರು. ಒಂದು ಸಾಲೂ ಬಿಡಬಾರದು. ಓದಿದ ಮೇಲೆ ರೋಗಿ ತನಗೆ ತಿಳಿದದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಅದಕ್ಕೆ ಮರುನುಡಿ ಎನ್ನುತ್ತೇವೆ. ಮರುನುಡಿ ಸರಿಯಿದ್ದರೆ ಹೆಬ್ಬೆಟ್ಟು. ಒಂದು ರಾತ್ರಿ ಯೋಚಿಸಲು ಬಿಡುವು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರು ಮತ್ತು ಓದುಗಾರರ ಎದುರು ಮೊದಲ ಮಾತ್ರೆ. ಪ್ರತಿ ಮಾತ್ರೆಯೂ ಹೀಗೆ ಕಣ್ಣೆದುರೇ ಆಗಬೇಕು, ಮನೆಗೆ ಒಂದೂ ಹೋಗುವುದಿಲ್ಲ. ಸ್ಟ್ರಿಪ್ ಕತ್ತರಿಸುವುದು ಅಪರಾಧ. ನಿಮ್ಮ ಕತ್ತರಿಯನ್ನು ಓದುಮನೆಯ ಗೋಡೆಗೆ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಅದನ್ನು ತೋರಿಸಿ, ಇದು ನಮ್ಮ ಸಂಗವ್ವಕ್ಕನ ಮನೆತನದ್ದು, ಎಂದು ನಗುತ್ತಾರೆ. ಹತ್ತೊಂಬತ್ತು ವರ್ಷದಿಂದ ನಾನೂ ನಗುತ್ತಿದ್ದೇನೆ.

ಈಗ ನನ್ನ ತಂಗಿಯ ವಿಷಯ. ಫಕೀರವ್ವ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು, ನಲವತ್ತೊಂದು. ಅವಳು ತುಳಿಬಂಡಿಯವಳು. ತುಳಿಬಂಡಿ ಎಂದರೆ ಕಾಲಿನಿಂದ ತುಳಿದು ಓಡಿಸುವ ನಾಲ್ಕು ಗಾಲಿಯ ಸಾಮಾನಿನ ಗಾಡಿ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ದಿನಸಿಯೆಲ್ಲ ಈಗ ಅದರಲ್ಲೇ ಹೋಗುತ್ತದೆ. ನವಲೂರಿನ ಏರು ಹತ್ತುವಾಗ ಇಡೀ ಭಾರ ಹಿಮ್ಮಡಿಯ ಮೇಲೆ ಬೀಳುತ್ತದೆ. ಇಪ್ಪತ್ತು ವರ್ಷದಿಂದ ಅವಳು ಅದನ್ನು ಹತ್ತುತ್ತಿದ್ದಾಳೆ, ಹಾಡಿಕೊಂಡು.

ಮೂರು ದಿನದ ಹಿಂದೆ ನಡು ಹಿಡಿದುಕೊಂಡು ಬಂದಳು. ಚಳಿ, ಜ್ವರ, ವಾಂತಿ. ನಮ್ಮ ಓದುಮನೆಯ ಜೈಬುನ್ ಡಾಕ್ಟರ್ ಪರೀಕ್ಷೆ ಮಾಡಿಸಿದರು: ಮೂತ್ರಪಿಂಡಕ್ಕೆ ಸೋಂಕು. ಅದಕ್ಕೆ ನಾಟುವ ಮದ್ದು ಎರಡೇ. ಒಂದು ಹಿಮ್ಮಡಿ ಮಾತ್ರೆ. ಇನ್ನೊಂದು ಬೆಳಗಾವಿಯಲ್ಲಿ ಮಾತ್ರ ಕೊಡುವ ಸೂಜಿಮದ್ದು. ಅದು ಕಿವಿಗೆ ಹೊಡೆಯಬಹುದು, ಈಗಾಗಲೇ ನೊಂದ ಮೂತ್ರಪಿಂಡಕ್ಕೂ ಹೊಡೆಯಬಹುದು. ಹದಿನಾಲ್ಕು ದಿನ ಅಲ್ಲೇ ಇರಬೇಕು, ಹಾಸಿಗೆ ಸಿಗಲು ಇವತ್ತಿನ ಲೆಕ್ಕಕ್ಕೆ ಆರು ದಿನ ಕಾಯಬೇಕು. ಎಂಟು ವರ್ಷದ ಹಿಂದೆ ನಮ್ಮ ಅವ್ವ ಅದೇ ಹಾಸಿಗೆಗೆ ಕಾದಳು. ಐದನೆಯ ದಿನ ತೀರಿಕೊಂಡಳು. ಆರನೆಯ ದಿನ ಹಾಸಿಗೆ ಖಾಲಿಯಾಗಿದೆ ಎಂದು ಕರೆ ಬಂತು.

ಸ್ವಂತದವರಿಗೆ ಓದಬಾರದು ಎಂದು ನಿಯಮವೇನಿಲ್ಲ. ಇರಬೇಕಿತ್ತು ಎಂದು ಇವತ್ತು ಅನ್ನಿಸುತ್ತಿದೆ. ಬೇರೆಯವರನ್ನು ಕರೆಸುತ್ತೇನೆ ಎಂದರೆ ಫಕೀರವ್ವ ಒಪ್ಪಲಿಲ್ಲ. “ನೀನ ಓದ ಅಕ್ಕಾ. ಬ್ಯಾರೇದವ್ರ ಓದಿದ್ರ ನಂಗ ನಿದ್ದಿ ಬರತೈತಿ” ಎಂದಳು. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಕೂತೆವು. ಅವಳು ಗೋಡೆಗೆ ಒರಗಿ, ನಾನು ಎದುರು, ಜೈಬುನ್ ಡಾಕ್ಟರ್ ಪಕ್ಕದಲ್ಲಿ. ಐವತ್ತೆರಡು ಸಾಲು. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಅವಳ ಮರುನುಡಿ, ಅವಳ ಮಾತಿನಲ್ಲೇ ಬರೆಯುತ್ತೇನೆ:

“ಹಿಮ್ಮಡ ನೋವಾದ್ರ ಅವತ್ತ ಮಾತ್ರಿ ಬಿಟ್ಟ ಹೇಳಬೇಕು, ಬಂಡಿ ತುಳಿಬಾರದು, ಮೂರ್ನಾಕ ತಿಂಗಳ ತುಳಿದ್ರೂ ಹಗೂರಕ. ಕಾಲ ಜುಮ್ಮ ಅಂದ್ರ ಹೇಳಬೇಕು. ನಿದ್ದಿ ಹೋದ್ರ, ತಲ್ಯಾಗ ಏನೇನರ ಬಂದ್ರ ಹೇಳಬೇಕು. ಎದಿ ಡವಡವ ಅಂದ್ರ ಹೇಳಬೇಕು. ಬಿಸಲಾಗ ನಿಂದರಬಾರದು. ಹಾಲು, ಮಸರು ಜತಿಗೆ ಬ್ಯಾಡ. ಡಾಕ್ಟರ್ ಬಾಯಾರ, ಇದು ಮಾತ್ರಿ ಏನ್ರಿ, ಇಲ್ಲಾ ನಮ್ಮ ಅತ್ತಿ ಏನ್ರಿ? ಇದೂ ಒಂದ ಬಿಡವಲ್ದು.”

ಜೈಬುನ್ ಡಾಕ್ಟರ್ ನಕ್ಕರು. “ಅತ್ತಿಗಿಂತ ಚಲೋ ಐತಿ ತಗೋ. ಇದು ಏಳ ದಿನಕ್ಕ ಬಿಟ್ಟ ಹೋಗತೈತಿ” ಎಂದರು. ಮರುನುಡಿ ಪೂರ್ಣವಾಗಿದೆ ಎಂದು ಬರೆದರು. ಫಕೀರವ್ವ ಹೆಬ್ಬೆಟ್ಟು ಒತ್ತಿದಳು. ನಾನು ರುಜು ಹಾಕಿದೆ.

ಆದರೆ ನಾನು ಐವತ್ತೆರಡು ಸಾಲು ಓದಲಿಲ್ಲ ಅಜ್ಜ. ಐವತ್ತೊಂದು ಓದಿದೆ.

ಹದಿನೇಳನೆಯ ಸಾಲು ಹೀಗಿದೆ: ರೋಗಿ ಸ್ಟೀರಾಯ್ಡ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಹಿಮ್ಮಡಿಯ ನರ ಹರಿಯುವ ಸಂಭವ ಬಹಳ ಹೆಚ್ಚುತ್ತದೆ. ನಮ್ಮ ಓದುಮನೆಯ ನಿಯಮದಲ್ಲಿ ಅಂಥವರಿಗೆ ಹಿಮ್ಮಡಿ ಮಾತ್ರೆ ಇಲ್ಲ, ನೇರ ಬೆಳಗಾವಿಗೆ. ಬೇರೆ ಮಾತ್ರೆ ಏನಾದರೂ ಇದೆಯೇ ಎಂದು ಡಾಕ್ಟರು ಮೊದಲೇ ಕೇಳಿದ್ದರು. ಏನೂ ಇಲ್ಲ ಎಂದಿದ್ದಳು. ಅವಳ ದಾಖಲೆಯಲ್ಲೂ ಏನೂ ಇಲ್ಲ, ಏಕೆಂದರೆ ಅವಳು ಅದನ್ನು ಕದ್ದು ಕೊಳ್ಳುತ್ತಾಳೆ. ಎರಡು ತಿಂಗಳ ಹಿಂದೆ ಸೂಜಿ ಹುಡುಕುವಾಗ ಅವಳ ಡಬ್ಬಿಯಲ್ಲಿ ಕತ್ತರಿಸಿದ ಸ್ಟ್ರಿಪ್‌ನ ತುಂಡೊಂದು ನನಗೆ ಸಿಕ್ಕಿತ್ತು. ಹೆಸರಿನ ಮುಂಭಾಗ ಹೋಗಿತ್ತು. ‘ಸೋಲೋನ್’ ಎಂಬ ಬಾಲ ಮಾತ್ರ ಉಳಿದಿತ್ತು. ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ನನಗೆ ಹತ್ತೊಂಬತ್ತು ವರ್ಷದ ಅಭ್ಯಾಸ. ಪ್ರೆಡ್ನಿಸೋಲೋನ್, ಸ್ಟೀರಾಯ್ಡ್. ಧಾರವಾಡದ ಸಂತೆಯಲ್ಲಿ ಯಾರೋ ದಮ್ಮಿಗೆಂದು ಬಿಡಿಬಿಡಿಯಾಗಿ ಮಾರುತ್ತಾರೆ. ಅದನ್ನು ನುಂಗಿದರೆ ಉಸಿರು ಸಲೀಸು, ಏರು ಹತ್ತಬಹುದು. ನಾನು ಆ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದೆ. ಆ ವರ್ಷ ಮೊದಲ ಸಲ ಅವಳು ಉಬ್ಬಸವಿಲ್ಲದೆ ಮಲಗಿದ್ದಳು. ಕೇಳಿ ಜಗಳ ತೆಗೆಯಲು ಮನಸ್ಸಾಗಲಿಲ್ಲ. ಎರಡು ಮದ್ದಿಗೂ ಒಂದಕ್ಕೊಂದು ಸಂಬಂಧವಿದೆ ಎಂದು ಅವಳಿಗೆ ತಿಳಿದಿಲ್ಲ. ಹೇಳಬೇಕಾದವಳು ನಾನು. ಆ ಸಾಲು ಇರುವುದೇ ಅದಕ್ಕೆ.

ಹದಿನಾರನೆಯದು ಮುಗಿಯಿತು. ಅವಳ ಹಣೆಯ ಮೇಲೆ ಬೆವರು ಕೂತಿತ್ತು. ಆರು ದಿನ ಎಂಬುದು ತಲೆಯಲ್ಲಿ ಬಂತು, ಅವ್ವನ ಐದನೆಯ ದಿನ ಬಂತು. ನಾಲಿಗೆ ಹದಿನೆಂಟಕ್ಕೆ ಹೋಯಿತು. ಅರ್ಧ ಉಸಿರಿನಷ್ಟೂ ತಡವರಿಸಲಿಲ್ಲ. ಜೈಬುನ್ ಡಾಕ್ಟರ್ ನನ್ನನ್ನು ನಂಬುತ್ತಾರೆ, ನಾನು ಓದುವಾಗ ಅವರು ಕಾಗದ ನೋಡುವುದಿಲ್ಲ. ಅಷ್ಟೇ ಸುಲಭ, ಅಜ್ಜ. ಇಷ್ಟು ವರ್ಷ ನಿಮಗೆ ಬೈದದ್ದೂ ಇದಕ್ಕೇ.

ಮನೆಗೆ ಹೋಗುವ ಬದಲು ಇಲ್ಲಿ ಬಂದು ಕೂತೆ. ಗೋಡೆಯ ಮೇಲೆ ನಿಮ್ಮ ಕತ್ತರಿ ಇದೆ. ಅದರತ್ತ ನೋಡಿದರೆ ಇನ್ನೂ ಸಿಟ್ಟೇ ಬರುತ್ತದೆ. ನಾನೂ ಅದನ್ನೇ ಮಾಡಿದೆ ಎಂದು ನಿಮ್ಮನ್ನು ಬಿಟ್ಟುಬಿಡಲು ತಯಾರಿಲ್ಲ. ನನಗೆ ಒಂದು ಹಾಸಿಗೆಯ ಭಯವಾದರೂ ಇತ್ತು. ನಿಮಗೆ ಏನಿತ್ತು? ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಒಂದು ಕಾಗದ, ಒಂದೇ ಒಂದು, ಬಿಚ್ಚಿ ಕನ್ನಡಕ ಏರಿಸಿ ನೋಡಬಹುದಿತ್ತು. ಈ ಪತ್ರ ಯಾವುದಾದರೂ ದಾರಿಯಿಂದ ನಿಮಗೆ ತಲುಪಿದರೆ ಅಷ್ಟು ಮಾಡಿ. ಮಡಿಕೆ ಹರಿದರೂ ಪರವಾಗಿಲ್ಲ. ನಮಗೆ ಹರಿದ ಕಾಗದ ಸಾಕಿತ್ತು. ಆ ರುಮಾಲಿನವರಿಗೆ ಹಾಲು ಬೇಡ ಎನ್ನಿ, ಹಿಮ್ಮಡಿ ನೋವಾದರೆ ಬಂದು ಹೇಳಿ ಎನ್ನಿ, ಐದು ದಿನದ್ದನ್ನು ಐದು ದಿನ ಕೊಡಿ. ಇಷ್ಟೆಲ್ಲ ಮದ್ದು ಬೇಕೇ ಇಲ್ಲದ ಜ್ವರವಿರಬಹುದು, ಮತ್ತೊಮ್ಮೆ ಡಾಕ್ಟರನ್ನು ಕೇಳಿ ಎನ್ನಿ. ಏನೂ ಆಗಂಗಿಲ್ಲ ಎಂದು ಮಾತ್ರ ಅನ್ನಬೇಡಿ. ನಿಮಗೆ ಅದು ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ನನ್ನ ಮಾತು ಕೇಳಿ ಫಕೀರವ್ವನ ಮುಖ ಹಗುರವಾಯಿತು. ಇಷ್ಟೇ ಏನು, ಎಂಬ ಹಾಗೆ. ಆ ಹಗುರ ನಾನು ಕೊಟ್ಟದ್ದು. ಅದನ್ನು ತಿರುಗಿ ತೆಗೆದುಕೊಳ್ಳಬೇಕು. ಪೂರ್ತಿ ಕೇಳಿದ ಮೇಲೆ ಅವಳು ಹಿಮ್ಮಡಿ ಹೋದರೂ ಸರಿ ಮಾತ್ರೆಯನ್ನೇ ಕೊಡಿ ಎಂದು ಡಾಕ್ಟರ ಜೊತೆ ಜಗಳ ಮಾಡಬಹುದು, ನಿಯಮ ಸಡಿಲಿಸಿ ಎಂದು ಹಟ ಹಿಡಿಯಬಹುದು. ಕಿವಿ ಹೋದರೂ ಸರಿ ಎಂದು ಬೆಳಗಾವಿಯ ಸಾಲಿನಲ್ಲಿ ಹೆಸರು ಬರೆಸಬಹುದು. ನನ್ನ ಮುಖ ನೋಡುವುದಿಲ್ಲ ಎಂದೂ ಹೇಳಬಹುದು, ಕದ್ದ ಮಾತ್ರೆಯ ಗುಟ್ಟು ರಟ್ಟು ಮಾಡಿದ್ದಕ್ಕೆ. ಆಯ್ಕೆ ಯಾವುದಾದರೂ, ಅದು ಪೂರ್ತಿ ಐವತ್ತೆರಡು ಸಾಲು ಕೇಳಿದವಳ ಆಯ್ಕೆಯಾಗಬೇಕು.

ಆದ್ದರಿಂದ ಇದನ್ನು ಬರೆದಿಡುತ್ತೇನೆ, ಬರೆದ ಮೇಲೆ ತಪ್ಪಿಸಿಕೊಳ್ಳಲು ಆಗದಿರಲಿ ಎಂದು. ನಾಳೆ ಬೆಳಿಗ್ಗೆ ಎಂಟಕ್ಕೆ, ಮಾತ್ರೆಗೆ ಒಂದು ಗಂಟೆ ಮುಂಚೆ, ಜೈಬುನ್ ಡಾಕ್ಟರ್ ಎದುರಿಗಿರುವಾಗಲೇ, ಹದಿನೇಳನೆಯ ಸಾಲನ್ನು ಫಕೀರವ್ವನಿಗೆ ಓದುತ್ತೇನೆ. ಎರಡು ಸಲ ಓದುತ್ತೇನೆ. ಅದನ್ನು ಇವತ್ತು ಬೇಕೆಂದೇ ಬಿಟ್ಟೆ ಎಂದು ಹೇಳುತ್ತೇನೆ. ಓದುಗಾರ್ತಿಯ ಬಿಲ್ಲೆಯನ್ನು ಮೇಜಿನ ಮೇಲೆ ಇಡುತ್ತೇನೆ. ಅವರು ಇಟ್ಟುಕೊಳ್ಳುತ್ತಾರೆ, ಇಟ್ಟುಕೊಳ್ಳಲೇಬೇಕು. ಹಾಸಿಗೆಗಾಗಿ ಬೆಳಗಾವಿಗೆ ನಾನೇ ಹೋಗಿ ಬಾಗಿಲಲ್ಲಿ ಕೂರಬೇಕಾದರೆ ಅದಕ್ಕೂ ಬುತ್ತಿ ಕಟ್ಟಿಕೊಂಡೇ ಹೋಗುತ್ತೇನೆ.

ಈಗ ಸಂಜೆ ಐದು. ಎಂಟಕ್ಕೆ ಇನ್ನೂ ಹದಿನೈದು ಗಂಟೆ ಇದೆ. ಕಾಗದ ನನ್ನ ಮುಂದೆ ಬಿಚ್ಚಿಕೊಂಡು ಬಿದ್ದಿದೆ. ಹದಿನೇಳನೆಯ ಸಾಲಿನ ಪಕ್ಕದಲ್ಲಿ ಗೀಟು ಎಳೆದಿದ್ದೇನೆ.

ಸಂಗವ್ವ